ಎರಡನೆಯ ಹೂವು

ಮಾರಮ್ಮನ ಎದುರು ಕೂತರೆ ನಮ್ಮ ದೊಡ್ಡಮ್ಮ ಕಣ್ಣು ಮಿಟುಕಿಸುತ್ತಿರಲಿಲ್ಲ. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಹಿಂದೆ ಸರಿಯುತ್ತಿದ್ದ. ಬಲಗಡೆಯದು ಉದುರಿದರೆ ಒಪ್ಪಿಗೆ, ಎಡಗಡೆಯದು ಉದುರಿದರೆ ಬೇಡ. ಕಾದು ಕಾದು ಉಳಿದವರು ತೂಕಡಿಸುತ್ತಿದ್ದರೆ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ರೆಪ್ಪೆ ಮಾತ್ರ ಬೀಳುತ್ತಿರಲಿಲ್ಲ. "ಕಣ್ಮುಚ್ಚುದ್ ಗಳ್ಗೇಲಿ ತಾಯಿ ಏನಂದ್ಬುಟ್ಳೋ ಯಾರ್ಗೊತ್ತು?" ಎನ್ನುವಳು.

ದೊಡ್ಡಪ್ಪ ತೀರಿಕೊಂಡ ಮೇಲೆ ಅವಳು ಮಾಂಬಳ್ಳಿಯ ನಮ್ಮ ಮನೆಯಲ್ಲೇ ಇದ್ದಳು. ಮಕ್ಕಳಿರಲಿಲ್ಲ, ನನ್ನನ್ನೇ ಎತ್ತಿ ಆಡಿಸಿದವಳು. ಅವಳು ಹೂ ಕೇಳದೆ ನಮ್ಮ ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡುವಂತಿರಲಿಲ್ಲ. ಅಪ್ಪ ಕೊಳ್ಳೇಗಾಲದಿಂದ ಮಿಕ್ಸಿ ತಂದಾಗ ಎಡಗಡೆ ಹೂ ಬಿತ್ತು. ಮಿಕ್ಸಿ ಡಬ್ಬದ ಸಮೇತ ಅಟ್ಟ ಸೇರಿತು. ಒರಳಿನ ಮುಂದೆ ಕೂತು ಬೆವರುತ್ತಿದ್ದ ಅಮ್ಮ, "ಇನ್ನೊಂದ್ಸಲ ಕೇಳಕ್ಕ, ನಿನ್ ದಮ್ಮಯ್ಯ" ಎಂದಳು.

"ಒಂದ್ ಮಾತ್ನ ಎಲ್ಡ್ ಸಲ ಕೇಳುದ್ರೆ ತಾಯಿ ಇಲ್ಲ ಅನ್ನಾಕಿಲ್ಲ, ಕೊಡ್ತಾಳೆ. ಬದ್ಲಿಗೆ ಒಂದ್ ತಕತಾಳೆ ಕನವ್ವ" ಎಂದಳು ದೊಡ್ಡಮ್ಮ. ಆಮೇಲೂ ನಾವು ಒರಳಲ್ಲೇ ರುಬ್ಬಿದೆವು.

ನನ್ನ ಪಿಯುಸಿ ಮುಗಿದಾಗ ಮುಂದೇನು ಓದುವುದೆಂದು ಮನೆಯಲ್ಲಿ ಜಗ್ಗಾಟ. ಮೈಸೂರಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿಗೆ ಫೀಸು ನೆಪಮಾತ್ರ. ಆದರೆ ಆಮೇಲೆ ಬಿಎಡ್, ಅದಾದ ಮೇಲೆ ಮೇಷ್ಟ್ರ ಕೆಲಸಕ್ಕೆ ತಲೆ ನರೆಯುವವರೆಗೆ ಕಾಯಬೇಕು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಓದಿದರೆ ಹೊರಬಂದ ಕೂಡಲೇ ಕೆಲಸ, ಆದರೆ ಕೊಳ್ಳೇಗಾಲದ ಸೈಟು ಮಾರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಪ್ಪ ಮೈಸೂರಿನ ಕಡೆ ನಿಂತ. ನಾನು ನರ್ಸಿಂಗೇ ಎಂದು ಊಟ ಬಿಟ್ಟೆ. ಮಾತು ಮಾರಿಗುಡಿಗೆ ಹೋಯಿತು.

ನರ್ಸಿಂಗ್‌ಗೆ ಕಳಿಸಬಹುದೇ ಎಂದು ದೊಡ್ಡಮ್ಮ ಕೇಳಿದಳು. ಕಾಯುವ ಕೆಲಸವೇ ಇರಲಿಲ್ಲ, ಎಡಗಡೆ ಹೂ ತಟ್ಟನೆ ಬಿತ್ತು. ನಾನು ಅಲ್ಲೇ ಬಿಕ್ಕಿದೆ. ಅವಳು ತಿರುಗಿ ನನ್ನ ಮುಖ ನೋಡಿದಳು.

"ಇನ್ನೊಂದ್ಸಲ ಮಡುಗಪ್ಪ" ಎಂದಳು ಪೂಜಾರಿಗೆ.

"ಅತ್ತಿಗೆ, ಬ್ಯಾಡ ಬುಡಿ" ಎಂದ ಅಪ್ಪ. ಅವಳು ಕೇಳಿಸಿಕೊಳ್ಳಲಿಲ್ಲ. ಸೆರಗೊಡ್ಡಿ ತುಟಿಯಲ್ಲೇ ಏನೋ ಹೇಳಿಕೊಂಡಳು. ಬಲಗಡೆ ಹೂ ಬಿತ್ತು. ನಾನು ಕುಣಿದಾಡಿದೆ. ಅವಳು ಮಂಗಳಾರತಿಗೂ ನಿಲ್ಲದೆ ಹೊರಗೆ ನಡೆದಳು.

ಸೈಟು ಮಾರಾಯಿತು, ನಾನು ಬೆಂಗಳೂರಿಗೆ ಹೋದೆ. ದಿನವೂ ಸಂಜೆ ಅವಳ ಫೋನು. "ಕೂಸೇ, ಉಸಾರಾಗಿದ್ದೀಯಾ? ರೋಡ್ ದಾಟ್ವಾಗ ನೋಡ್ಕಂಡ್ ದಾಟು. ನೀರ್ ತಾವ್ಕೆ ಓಗ್ಬ್ಯಾಡ." ಒಮ್ಮೆ ನೆಗಡಿ ಎಂದೆ, ಆ ಕಡೆಯಿಂದ ಅಳುವುದೇ ಕೇಳಿಸಿತು. ಎರಡನೆಯ ವರ್ಷ ಸಂಕ್ರಾಂತಿ ಕಳೆದ ಮೇಲೆ ಆ ಫೋನುಗಳು ನಿಂತವು. ಮನೆಗೆ ಫೋನ್ ಮಾಡಿದರೆ ಅವಳು ತಮಾಷೆ ಮಾಡುತ್ತಿದ್ದಳು, ನಗುತ್ತಿದ್ದಳು. ಸದ್ಯ ಭಯ ಬಿಟ್ಟಿತಲ್ಲ ಎಂದು ನನಗೂ ಹಾಯೆನಿಸಿತು.

ಆ ದೀಪಾವಳಿಗೆ ಊರಿಗೆ ಬಂದು ಅವಳಿಗೆ ಎಣ್ಣೆ ಹಚ್ಚುವಾಗ ಕೈಗೆ ಎದೆಯಲ್ಲೊಂದು ಗಂಟು ಸಿಕ್ಕಿತು. ಕಲ್ಲಿನಂತೆ ಗಟ್ಟಿ, ಮೇಲಿನ ಚರ್ಮ ಒಳಕ್ಕೆ ಸೆಳೆದಿತ್ತು. ಕ್ಯಾನ್ಸರ್ ವಾರ್ಡಿನಲ್ಲಿ ಅಂಥದ್ದನ್ನು ನೋಡಿದ್ದೆ.

"ಯಾವಾಗಿಂದ ದೊಡ್ಡವ್ವ?"

"ಓದ್ ಸಂಕ್ರಾಂತಿಲಿ ಕಾಣುಸ್ಕತ್ತು" ಎಂದು ನಕ್ಕಳು. "ತಾಯಿ ಬದ್ಲಿಗೆ ತಕಳಾದು ನಿನ್ ತಾವ್ಕೆ ಬತ್ತದೇನೋ ಅಂತ ಜೀವ ಕೈಲಿಡ್ಕಂಡಿದ್ದೆ. ಸದ್ಯ, ನನ್ ತಾವ್ಕೇ ಬಂತು ಬುಡು."

ಮೈಸೂರಿನ ಆಸ್ಪತ್ರೆಗೆಂದು ಅಪ್ಪ ಕಾರು ತರಿಸಿದ. ಅವಳು ಬಾಗಿಲ ಕಂಬ ತಬ್ಬಿ ನಿಂತಳು. ಗುಣವಾಗುತ್ತದೆ ಎಂದು ಬೇಡಿದೆ, ಬೈದೆ, ಕಾಲು ಹಿಡಿದೆ. "ನಾ ವಾಸಿ ಮಾಡುಸ್ಕಂಡ್ರೆ ಅದು ನಿನ್ನ ಉಡುಕ್ಕಂಡ್ ಬತ್ತದೆ ಕೂಸೇ" ಎಂದಳು. ಅವಳ ಮೇಲೆ ಅವತ್ತು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅಷ್ಟು ಪ್ರೀತಿಯನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದೂ ತಿಳಿದಿಲ್ಲ.

ಪರೀಕ್ಷೆ ಬರೆಯಲು ನಾನು ಬೆಂಗಳೂರಿಗೆ ಹೊರಟ ಬೆಳಿಗ್ಗೆ ಜಗಲಿಯಲ್ಲಿ ಮಲಗಿದ್ದವಳು ನನ್ನ ಕೆನ್ನೆ ಸವರಿದಳು. ಮತ್ತೆ ಬರುವಷ್ಟರಲ್ಲಿ ಅವಳಿರಲಿಲ್ಲ.

ಈಗ ನನಗೆ ಒಳ್ಳೆಯ ಆಸ್ಪತ್ರೆಯಲ್ಲಿ ಕೆಲಸ, ಒಳ್ಳೆಯ ಸಂಬಳ. ಮನೆಗೆ ಹೋದಾಗಲೆಲ್ಲ ಅಪ್ಪ, "ಹೂವು ಸುಳ್ಳಾಗ್ನಿಲ್ಲ ನೋಡವ್ವ" ಎನ್ನುತ್ತಾನೆ. ಯಾವ ಹೂವು ಎಂದು ಕೇಳುವ ಧೈರ್ಯ ನನಗಿಲ್ಲ.