ಸ್ಲೋ ಫೆರಿ ಬಾರದ ಮೂರು ಊರು

ಜನವರಿಯ ಒಂದು ಭಾನುವಾರ, ಬಿಸಿಲು ಏಳುವ ಮೊದಲೇ ಕೋಟೇಶ್ವರದಲ್ಲಿ ಬೈಂದೂರಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಉಳಿದವರೆಲ್ಲ ಕೊಲ್ಲೂರಿಗೆ ಹೋಗುವವರು, ಬೈಂದೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯುವವರು. ಕಂಡಕ್ಟರ್ ನನ್ನನ್ನೂ ಹಾಗೆಯೇ ಎಣಿಸಿದ.

"ಅಕ್ಕ, ಕೊಲ್ಲೂರಿಗಾ?"

"ಅಲ್ಲ, ಬೈಂದೂರ್ ಸ್ಟೇಷನ್ನಿಗೆ. ಒಬ್ರ್ ಬತ್ರ್."

ಬರುವವನ ಹೆಸರು ಬೆನ್. ಅಮೆರಿಕದವನು. ಗೋವಾದಲ್ಲಿ ಸ್ನೇಹಿತನ ಮದುವೆ ಮುಗಿಸಿ ರೈಲಿನಲ್ಲಿ ಬರುತ್ತಿದ್ದ. ಬೈಂದೂರು, ಕುಂದಾಪುರ, ಬ್ರಹ್ಮಾವರ ಈ ಮೂರನ್ನೂ ಒಂದೇ ದಿನ ತೋರಿಸಿ, ಸಂಜೆ ಅವನನ್ನು ಮಂಗಳೂರು ಬಸ್ಸು ಹತ್ತಿಸುವುದು ನನ್ನ ಕೆಲಸ. ದೇವಸ್ಥಾನವನ್ನಾಗಲಿ ಕಡಲನ್ನಾಗಲಿ ನೋಡಲು ಅವನು ಬಂದವನಲ್ಲ. ಮೂರು ಊರುಗಳ ಮೂರು ವೇದಿಕೆಗಳನ್ನು ನೋಡಬೇಕು ಎಂದು ಬರೆದಿದ್ದ. ಐದು ವರ್ಷಗಳ ಹಿಂದೆ ಅವನ ಬ್ಯಾಂಡು ಅಲ್ಲಿ ಹಾಡಬೇಕಿತ್ತು. ಹಾಡಲಿಲ್ಲ.

ಹಾಡಲು ಕರೆದವಳು ನಾನು. ಕೋಟೇಶ್ವರದ ಪೇಟೆಯಲ್ಲಿ ನನ್ನದೊಂದು ಸೈಬರ್ ಸೆಂಟರ್ ಇತ್ತು. ಈಗ ಅದು ಜೆರಾಕ್ಸ್ ಅಂಗಡಿ. ೨೦೦೨ರಲ್ಲಿ, ಗೋಕರ್ಣಕ್ಕೆ ಹೊರಟಿದ್ದ ವಿದೇಶಿ ಹುಡುಗಿಯೊಬ್ಬಳು ಮೇಲ್ ನೋಡಲು ಬಂದವಳು ಕಂಪ್ಯೂಟರಿನೊಳಗೆ ಒಂದು ಸಿಡಿ ಮರೆತು ಹೋದಳು. ಅದರ ಮೇಲೆ 'ಸ್ಲೋ ಫೆರಿ' ಎಂದು ಬರೆದಿತ್ತು. ಫೆರಿ ಎಂದರೆ ದಾಟುವ ದೋಣಿ. ನನ್ನ ತಂದೆ ಗಂಗೊಳ್ಳಿಯಲ್ಲಿ ಮೀನು ವ್ಯಾಪಾರ ಮಾಡಿದವರು, ನಾನು ಹುಟ್ಟಿದ್ದೂ ಅಲ್ಲೇ. ಹಾಗಾಗಿ ಹೆಸರು ನೋಡಿಯೇ ಹಾಕಿ ಕೇಳಿದೆ. ಸ್ಲೋ ಫೆರಿ ಎಂಬುದು ನಾಲ್ಕು ಜನರ ಬ್ಯಾಂಡು. ಹಾಡುವವಳು ಕ್ಲೇರ್, ಗಿಟಾರ್ ನುಡಿಸುವವನು ಅವಳ ತಮ್ಮ ಓವನ್, ಬೇಸ್ ಗಿಟಾರಿಗೆ ಬೆನ್, ಡ್ರಮ್ಮಿಗೆ ಇನ್ನೊಬ್ಬ. ಮೊದಲ ದಿನ ಹಾಡಿನ ಪದಗಳು ಕಿವಿಗೆ ಸಿಗಲಿಲ್ಲ. ತಿಂಗಳು ಕಳೆಯುವುದರೊಳಗೆ ಎಲ್ಲವೂ ಬಾಯಿಪಾಠವಾಗಿದ್ದವು. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಆ ಹಾಡುಗಳೇ ನನಗೆ ಜೊತೆ. ಮದುವೆಯ ಮಾತುಗಳು ಬಂದು, ಕೂಡಿಬಾರದೆ, ಆಮೇಲೆ ನಿಂತೇ ಹೋದ ವರ್ಷಗಳು ಅವು.

ಸಿಡಿಯ ಹಿಂದೆ ಇದ್ದ ವಿಳಾಸಕ್ಕೆ ಮೇಲ್ ಬರೆದೆ. ಕ್ಲೇರ್ ಉತ್ತರಿಸಿದಳು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ತಾವೇ ಹಾಡು ಕಟ್ಟಿ, ತಾವೇ ವ್ಯಾನು ಓಡಿಸಿಕೊಂಡು ಊರೂರು ತಿರುಗುವ ಇಂಥ ಬ್ಯಾಂಡುಗಳಿಗೆ ಅಲ್ಲಿ 'ಇಂಡಿ' ಎನ್ನುತ್ತಾರೆಂದು ಅವಳಿಂದಲೇ ತಿಳಿಯಿತು. ೧೯೯೭ರಲ್ಲಿ ಅವರು ಶುರುಮಾಡಿದ್ದು ಅವಳ ಮನೆಯ ಕಾರು ನಿಲ್ಲಿಸುವ ಕೋಣೆಯಲ್ಲಿ. ಮೂರು ಸಿಡಿ ಮಾಡಿದರು. ಉಳಿದೆರಡನ್ನು ಕ್ಲೇರ್ ನನಗೆ ಅಂಚೆಯಲ್ಲಿ ಕಳಿಸಿದಳು. ಒಂದು ಹಾಡನ್ನು ಕಾಲೇಜು ಹುಡುಗರು ನಡೆಸುವ ರೇಡಿಯೋಗಳು ಒಂದು ಚಳಿಗಾಲವಿಡೀ ಹಾಕಿದವಂತೆ. ಆಗ ಒಂದು ದೊಡ್ಡ ಬ್ಯಾಂಡಿಗಿಂತ ಮುಂಚೆ ಅರ್ಧ ಗಂಟೆ ಹಾಡುವ ಅವಕಾಶವೂ ಸಿಕ್ಕಿತು. ಮತ್ತೆ ವ್ಯಾನು, ಮತ್ತೆ ಸಣ್ಣ ಊರು. "ನಿನ್ನೆ ಕೇಳಲು ಬಂದವರು ನಮಗಿಂತ ಸ್ವಲ್ಪ ಹೆಚ್ಚು ಇದ್ದರು" ಎಂದು ಕ್ಲೇರ್ ಬರೆಯುತ್ತಿದ್ದಳು. ತಮಾಷೆಗೆ ಬರೆಯುತ್ತಿದ್ದಾಳೆಂದೇ ನಾನು ತಿಳಿದಿದ್ದೆ.

ರೈಲು ಸ್ವಲ್ಪ ತಡವಾಗಿ ಬಂತು. ಇಳಿದವರಲ್ಲಿ ವಿದೇಶಿ ಅವನೊಬ್ಬನೇ. ಉದ್ದಕ್ಕಿದ್ದ, ತಲೆ ಬೋಳಾಗುತ್ತಿತ್ತು, ಬೆನ್ನಿಗೊಂದು ಚೀಲ. ಬ್ಯಾಂಡಿನ ಫೋಟೋಗಳಲ್ಲಿ ಯಾವಾಗಲೂ ಎಡಬದಿಯ ಹಿಂದೆ ನಿಲ್ಲುತ್ತಿದ್ದವನು. ಸ್ಟೇಷನ್ನಿನ ಹೊರಗೆ ಗೂಡಂಗಡಿಯಲ್ಲಿ ಚಾ ಕುಡಿದು, ಬನ್ಸ್ ತಿಂದೆವು. ತನಗೆ ಶಾಲೆಯ ಬಸ್ಸು ಓಡಿಸುವ ಕೆಲಸ, ಮನೆಯಲ್ಲಿ ಬೇರೆ ಯಾರೂ ಇಲ್ಲ, ಬೇಸ್ ಗಿಟಾರ್ ಮಂಚದ ಕೆಳಗಿದೆ ಎಂದ.

ಬೈಂದೂರಿನ ವೇದಿಕೆ ಇದ್ದದ್ದು ಒಂದು ಶಾಲೆಯ ಮೈದಾನದಲ್ಲಿ. ಪಕ್ಕದ ಮನೆಯ ಹೆಂಗಸಿನ ಬಳಿ ಗೇಟಿನ ಬೀಗದ ಕೈ ಇತ್ತು. ಅವರು ತೆರೆದು, ಬೆನ್‌ನನ್ನು ಕೆಳಗಿನಿಂದ ಮೇಲೆ ನೋಡಿದರು.

"ಇವ್ರ್ ಎಲ್ಲಿಯವ್ರ್?"

"ಅಮೆರಿಕದವ್ರ್."

"ಈ ಶಾಲಿ ಕಾಂಬುಕೆ ಅಲ್ಲಿಂದ ಬಂದ್ರಾ?"

ಹೌದೆಂದೆ. ಅವರು ಒಳಗೆ ಹೋಗಿ ಎರಡು ಎಳನೀರು ತಂದುಕೊಟ್ಟರು.

ಬೆನ್ ಮೆಟ್ಟಿಲು ಹತ್ತಿ ವೇದಿಕೆಯ ಎಡಬದಿಯ ಹಿಂದಕ್ಕೆ ಹೋಗಿ ನಿಂತ. ಮುಂದೆ ಯಾರೋ ನಿಂತಿದ್ದಾರೆ ಎಂಬಂತೆ ಒಮ್ಮೆ ಬಲಕ್ಕೆ, ಒಮ್ಮೆ ನೇರಕ್ಕೆ ನೋಡಿದ. ನಾನು ಮೇಲೆ ಹತ್ತಲಿಲ್ಲ. ಆ ವೇದಿಕೆಯನ್ನು ನಾನೊಮ್ಮೆ ಹತ್ತಿದ್ದೆ. ೨೦೦೭ರ ಡಿಸೆಂಬರಿನಲ್ಲಿ ಮೂರು ಊರಿಗೂ ಪೋಸ್ಟರ್ ಹಚ್ಚಿ ಮೊದಲ ಕಾರ್ಯಕ್ರಮವನ್ನು ಇಲ್ಲಿಟ್ಟಿದ್ದೆ. ಅವತ್ತು ಬೆಳಿಗ್ಗೆ ಅವರು ಮಂಗಳೂರಿನಲ್ಲಿ ಇಳಿಯಬೇಕಿತ್ತು. ಮಧ್ಯಾಹ್ನ ಕ್ಲೇರ್‌ಳ ಮೇಲ್ ಬಂತು. ನಾವು ಬರುವುದಿಲ್ಲ, ಕ್ಷಮಿಸು ಎಂದು ಎರಡೇ ಸಾಲು. ಸಂಜೆ ನಾನೇ ಮೈಕಿನ ಮುಂದೆ ನಿಂತು "ಅವ್ರ್ ಬತ್ತಿಲ್ಲೆ" ಎಂದೆ. ಹಿಂದಿನಿಂದ ಯಾರೋ ಮುದುಕರು "ಎಂತಕೆ?" ಎಂದು ಕೇಳಿದರು. ಜಗಳಕ್ಕಲ್ಲ, ತಿಳಿಯಬೇಕೆಂದೇ ಕೇಳಿದರು. ನಾನು ಮೈಕ್ ಆರಿಸಿ ಕೆಳಗಿಳಿದೆ. ಅದನ್ನೇ ಕೇಳಿ ಆಮೇಲೆ ನಾನು ಬರೆದ ಮೇಲ್‌ಗಳಿಗೆ ಉತ್ತರ ಬರಲಿಲ್ಲ. ಬೆನ್ ಬರೆದದ್ದು ಕಳೆದ ತಿಂಗಳು.

ಅವನು ಇಳಿದು ಬಂದು, "ಒಳ್ಳೆಯ ವೇದಿಕೆ. ಗಾಳಿ ಚೆನ್ನಾಗಿದೆ" ಎಂದ. ಅಷ್ಟೇ.

ಕುಂದಾಪುರಕ್ಕೆ ನೇರ ಬಸ್ಸಿತ್ತು. ಆದರೆ ಬ್ಯಾಂಡಿನ ಹೆಸರೇ ಸ್ಲೋ ಫೆರಿ ಆಗಿರುವಾಗ ಅವನನ್ನು ದೋಣಿಯಲ್ಲೇ ದಾಟಿಸಬೇಕು ಎನಿಸಿತು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಬಸ್ಸಿನವರೆಲ್ಲ ಎಂದಿನಂತೆ ಮಾತಾಡುತ್ತಲೇ ಇದ್ದರು. ಬೆನ್ ಮಾತ್ರ ಎರಡೂ ಕಿಟಕಿ ನೋಡಲು ಕತ್ತು ತಿರುಗಿಸುತ್ತಾ ಇದ್ದ. ತ್ರಾಸಿ ದಾಟಿ ಇಳಿದು ಗಂಗೊಳ್ಳಿಗೆ ಇನ್ನೊಂದು ಬಸ್ಸು ಹಿಡಿದೆವು. ಬಂದರಿನ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕಾಣೆ ಮೀನಿನ ಫ್ರೈ. ಅವನ ಕಣ್ಣಲ್ಲಿ ನೀರು ಬಂತು, ಆದರೂ ಸಾರು ಎರಡನೆಯ ಸಲ ಹಾಕಿಸಿಕೊಂಡ.

ದೋಣಿಯಲ್ಲಿ ನಮ್ಮೊಂದಿಗೆ ಮೀನಿನ ಬುಟ್ಟಿ ಹಿಡಿದ ಇಬ್ಬರು ಹೆಂಗಸರಿದ್ದರು. ಇಂಜಿನ್ ಶಬ್ದಕ್ಕೆ ಮಾತು ಕೇಳುವಂತಿರಲಿಲ್ಲ. ಹೊಳೆಯ ನಡುವೆ ಬಂದಾಗ, ಕಿವಿಯ ಹತ್ತಿರ ಬಾಗಿ, ನಾನೇ ಕೇಳಿದೆ. "ಯಾಕೆ ಬರಲಿಲ್ಲ?"

ಅವನು ಕುಂದಾಪುರದ ದಡದಲ್ಲಿ ಇಳಿದು, ಹಗ್ಗ ಕಟ್ಟುವ ಕಲ್ಲಿನ ಮೇಲೆ ಕೂತ ಮೇಲೆ ಹೇಳಿದ.

"ವಿಮಾನ ನಿಲ್ದಾಣದವರೆಗೂ ಬಂದಿದ್ದೆವು. ಹಿಮ ಬೀಳುತ್ತಿತ್ತು. ವ್ಯಾನಿನಿಂದ ಸಾಮಾನು ಇಳಿಸುತ್ತಿದ್ದೆವು. ಓವನ್ ಇಳಿಯಲೇ ಇಲ್ಲ. ಕ್ಲೇರ್ ಕರೆದಳು, ಬೈದಳು. ಅವನು ಹೇಳಿದ, ಹತ್ತು ವರ್ಷ ಖಾಲಿ ಕುರ್ಚಿಗಳಿಗೆ ನುಡಿಸಿದ್ದೇನೆ. ಅಷ್ಟು ದೂರ ಹೋಗಿ ಅಲ್ಲೂ ಖಾಲಿ ಕುರ್ಚಿ ನೋಡಿದರೆ ನಾನು ಮತ್ತೆ ಏಳಲಾರೆ, ಅಂತ. ನೀವು ಮೇಲ್‌ನಲ್ಲಿ ಬರೆದಿದ್ದಿರಿ, ಆರುನೂರು ಕುರ್ಚಿ ಹಾಕಿಸುತ್ತಿದ್ದೇನೆ ಎಂದು. ಅವನು ಅದನ್ನೇ ಹೇಳುತ್ತಿದ್ದ. ಆರುನೂರು, ಆರುನೂರು."

"ಆಮೇಲೆ?"

"ಗಿಟಾರ್ ತೆಗೆದುಕೊಂಡು ಬಸ್ ನಿಲ್ದಾಣದ ಕಡೆ ನಡೆದುಹೋದ. ನಾವು ಮೂವರು ತಿಂಡಿ ತಿಂದು ಮನೆಗೆ ಹೋದೆವು. ಬ್ಯಾಂಡು ಮುಗಿಯಿತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ತಮ್ಮ ಇವತ್ತಿಗೂ ಮಾತಾಡುವುದಿಲ್ಲ. ಕ್ಲೇರ್ ಹಾಡುವುದೂ ಇಲ್ಲ."

ನಾನು ಕರೆದದ್ದೇ ಅವರನ್ನು ಒಡೆಯಿತೇ ಎಂಬ ಯೋಚನೆ ಬಂತು. ಮತ್ತೊಂದು ಮಾತೂ ಬಾಯಿಯವರೆಗೆ ಬಂದಿತ್ತು. ಹೇಳದೆ ಅವನನ್ನು ಕಳಿಸಲು ಮನಸ್ಸಾಗಲಿಲ್ಲ.

"ಬೆನ್, ಕುರ್ಚಿ ತುಂಬಿತ್ತು."

ಅವನು ನನ್ನ ಮುಖ ನೋಡಿದ.

"ಬೈಂದೂರಿನಲ್ಲಿ. ಅಮೆರಿಕದ ಬ್ಯಾಂಡ್ ಎಂದು ಸುತ್ತಲಿನ ಊರಿನವರೆಲ್ಲ ಬಂದಿದ್ದರು. ಗೋಡೆಯ ಮೇಲೂ ಕೂತಿದ್ದರು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ದೋಣಿ ಮತ್ತೆ ಜನ ತುಂಬಿಸಿಕೊಂಡು ಗಂಗೊಳ್ಳಿಗೆ ಹೊರಟಿತು. ಅದು ದೂರವಾದ ಮೇಲೆ ಕೇಳಿದ. "ಓವನ್‌ಗೆ ಇದನ್ನು ಹೇಳಲೇ, ಬೇಡವೇ?"

ನನಗೆ ಗೊತ್ತಾಗಲಿಲ್ಲ. ಹಾಗೆಂದೇ ಹೇಳಿದೆ.

ಕುಂದಾಪುರದ ಸಭಾಂಗಣದಲ್ಲಿ ಅವತ್ತು ಸೀರೆ ಮಾರಾಟ. ವೇದಿಕೆಯ ತುಂಬ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟಿದ್ದರು. ಬೆನ್ ಸೀರೆಗಳ ಸಂದಿಯಲ್ಲಿ ನುಸುಳಿ ತನ್ನ ಎಡಮೂಲೆಯನ್ನು ಹುಡುಕಿಕೊಂಡ. ಮಾರುವ ಹೆಂಗಸು ನನ್ನನ್ನು ಕರೆದರು.

"ಹ್ವಾಯ್, ಹೆಂಡ್ತಿಗೊಂದ್ ತಕಣಿ ಅಂದ್ ಅವ್ರಿಗ್ ಹೇಳಿ."

"ಅವ್ರಿಗ್ ಹೆಂಡ್ತಿ ಇಲ್ಲೆ."

"ಇಲ್ದಿರೆ ಎಂತ? ಮನ್ಯಂಗೆ ಒಂದ್ ಸೀರಿ ಇದ್ರೆ ಮನಿ ಚಂದ."

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ಆ ದಿನ ಮೊದಲ ಸಲ ನಕ್ಕ. ಹಸಿರು ಹತ್ತಿ ಸೀರೆಯೊಂದನ್ನು ತೆಗೆದುಕೊಂಡ.

ಬ್ರಹ್ಮಾವರ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ತೆಕ್ಕಟ್ಟೆ, ಕೋಟ, ಸಾಲಿಗ್ರಾಮ ಎಲ್ಲ ಕಡೆ ಹೆದ್ದಾರಿ ಅಗಲಿಸುವ ಕೆಲಸ ನಡೆದಿತ್ತು. ಮರ ಕಡಿದ ರಸ್ತೆಯಲ್ಲಿ ಕೆಂಪು ಧೂಳು. ಅವತ್ತು ನಾನು ಗೊತ್ತುಮಾಡಿದ್ದ ಕಲ್ಯಾಣ ಮಂಟಪ ರಸ್ತೆಯ ಬದಿಯಲ್ಲೇ ಇತ್ತು. ಬಸ್ಸಿಳಿದು ಒಂದು ಸಲ ಮುಂದೆ, ಒಂದು ಸಲ ಹಿಂದೆ ನಡೆದರೂ ಕಾಣಿಸಲಿಲ್ಲ. ಎಳನೀರು ಮಾರುವವರನ್ನು ಕೇಳಿದೆ.

"ಅದಾ? ಅದ್ ರಸ್ತಿಗ್ ಹೋಯ್ತ್ ಅಲ್ದಾ. ಆ ಜಲ್ಲಿ ರಾಶಿ ಕಾಣಿ, ಅಲ್ಲೇ ಇತ್ತ್" ಎಂದರು.

ಜಲ್ಲಿ ರಾಶಿಯ ಪಕ್ಕ ಲಾರಿಯೊಂದು ನಿಂತಿತ್ತು. ನಿಲ್ಲಲು ಎಡಮೂಲೆ ಕೂಡ ಇರಲಿಲ್ಲ. ಇಬ್ಬರೂ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನಲ್ಲಿ ಕೂತೆವು. ಉಡುಪಿ, ಮಣಿಪಾಲ, ಹೆಬ್ರಿ ಎಂದು ಕೂಗುತ್ತಾ ಬಸ್ಸುಗಳು ಬಂದು ಹೋಗುತ್ತಿದ್ದವು.

"ಕೊನೆಯ ಸಿಡಿಯ ಕೊನೆಯ ಹಾಡು. ನಿಮಗೆ ಅದರ ಪದಗಳು ನೆನಪಿವೆಯೇ?" ಎಂದು ಕೇಳಿದ. "ನನಗೆ ನನ್ನ ಸ್ವರಗಳು ಮಾತ್ರ ಗೊತ್ತು. ಕ್ಲೇರ್ ಏನು ಹಾಡುತ್ತಿದ್ದಳೆಂದು ನಾನು ಯಾವತ್ತೂ ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ."

ನನಗೆ ಹಾಡಲು ಬರುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೂ ನನ್ನನ್ನು ನಿಲ್ಲಿಸಿದವರಿಲ್ಲ. ಆದರೂ ಶುರುಮಾಡಿದೆ. ಊರು ಬಿಟ್ಟು ಹೋಗುವ ಬಸ್ಸಿನಲ್ಲಿ ಕೂತವಳೊಬ್ಬಳು ದಾರಿಯ ಮನೆಗಳ ದೀಪಗಳನ್ನು ನೋಡಿ, ಇವರಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ ಎಂದುಕೊಳ್ಳುವ ಹಾಡು ಅದು. ಎರಡನೆಯ ಸಾಲಿಗೆ ಬೆನ್ ಬೆಂಚಿನ ಮೇಲೆ ಬೆರಳು ಬಡಿಯುತ್ತಾ, ಬಾಯಿಮುಚ್ಚಿ ತನ್ನ ಸ್ವರ ಸೇರಿಸಿದ. ನಾನು ಅವಸರ ಮಾಡಿದರೆ ಅವನ ಬೆರಳು ನನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. ಬೆಂಚಿನ ಆ ತುದಿಯಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸು ಒಮ್ಮೆ ನಮ್ಮ ಕಡೆ ನೋಡಿ, ಮತ್ತೆ ತಮ್ಮ ಬಸ್ಸು ಕಾಯತೊಡಗಿದರು. ನಡುವೆ ಮಂಗಳೂರಿನ ಬಸ್ಸು ಬಂತು. ಕಂಡಕ್ಟರ್ ಬೆನ್‌ನ ಚೀಲ ನೋಡಿ "ಮಂಗ್ಳೂರಾ?" ಎಂದು ಕೂಗಿದ. ಬೆನ್ ಬೆರಳು ನಿಲ್ಲಿಸದೆ ಅಲ್ಲವೆಂದು ತಲೆಯಾಡಿಸಿದ. ಬಸ್ಸು ಹೋಯಿತು. ನಾವು ಹಾಡು ಮುಗಿಸಿದೆವು.

ಮುಂದಿನ ಬಸ್ಸಿಗೆ ಅವನು ಹತ್ತಿದ. ಕ್ಲೇರ್‌ಗೆ ಏನಾದರೂ ಹೇಳಬೇಕೇ ಎಂದು ಮೆಟ್ಟಿಲ ಮೇಲೆ ನಿಂತು ಕೇಳಿದ. ಹಾಡಿನ ಎಲ್ಲ ಪದಗಳೂ ನನ್ನ ಹತ್ತಿರ ಇವೆ ಎಂದು ಹೇಳಿ ಎಂದೆ. ಬಾಗಿಲಿನ ಹುಡುಗ ಸೀಟಿ ಊದಿದ. ಬೆನ್ ಜಾಗ ಹುಡುಕುತ್ತಾ ಒಳಗೆ ನುಗ್ಗುವುದು ಹಿಂದಿನ ಗಾಜಿನಲ್ಲಿ ಸ್ವಲ್ಪ ದೂರದವರೆಗೆ ಕಂಡಿತು. ಆಮೇಲೆ ಧೂಳು.

ರಸ್ತೆ ದಾಟಿ ಕುಂದಾಪುರದ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸಿನಲ್ಲಿ ಸಿನಿಮಾ ಹಾಡು ಜೋರಾಗಿ ಹಾಕಿದ್ದರು. ಅದರ ಅಬ್ಬರಕ್ಕೆ ಬೆಂಚಿನ ಮೇಲೆ ಹಾಡಿದ್ದು ಕಿವಿಯಿಂದ ಜಾರುತ್ತಿತ್ತು; ಸಾಸ್ತಾನದವರೆಗೆ ತಡೆದುಕೊಂಡೆ. ಟಿಕೆಟ್ ಕೊಡಲು ಕಂಡಕ್ಟರ್ ಬಂದಾಗ, ಹಾಡು ಸ್ವಲ್ಪ ನಿಲ್ಲಿಸಬಹುದಾ ಎಂದು ಕೇಳಿದೆ.

"ಎಂತಾಯ್ತ್ ಅಕ್ಕ? ತಲಿನೋವಾ?"

ಹೌದೆಂದೆ. ಅವನು ಮುಂದೆ ಹೋಗಿ ಡ್ರೈವರಿಗೆ ಏನೋ ಹೇಳಿದ. ಹಾಡು ನಿಂತಿತು. ಯಾರೂ ಬೇಡವೆನ್ನಲಿಲ್ಲ. ಕೋಟೇಶ್ವರದವರೆಗೂ ಬಸ್ಸಿನಲ್ಲಿ ಇಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.