ತಾಟು ತೊಳೆದು ಕುಡಿಯುವವರ ಮನೆಯ ಹುಡುಗಿ

ಎಂಬತ್ತೊಂದು ವರ್ಷದ ಮನುಷ್ಯನಿಗೆ ಊಟ ಮಾಡುವುದನ್ನು ಹೊಸದಾಗಿ ಕಲಿಸಿದ ಅನುಭವ ನಿಮಗಿದೆಯೇ? ನನಗಿದೆ. ಕಳೆದ ವಾರ ಪೂರ್ತಿ ಅದೇ ಕೆಲಸ.

ವಿದ್ಯಾರ್ಥಿ ನಮ್ಮಪ್ಪ. ಕ್ಲಾಸ್ ರೂಮು ಬೈಲಹೊಂಗಲದ ನಮ್ಮ ಮನೆಯ ಡೈನಿಂಗ್ ಟೇಬಲ್. ಸಿಲೆಬಸ್ ದೊಡ್ಡದೇನಲ್ಲ. ಜೋರಾಗಿ ತೇಗಬಾರದು, ಚಹಾವನ್ನು ಬಸಿಗೆ ಸುರಿದು ಸೊರ್ರೆಂದು ಎಳೆಯಬಾರದು, ಉಂಡ ಕೈಯನ್ನು ಧೋತರಕ್ಕೆ ಒರೆಸಬಾರದು. ಇವೆಲ್ಲ ಒಂದೊಂದು ಮಾರ್ಕಿನ ಪ್ರಶ್ನೆಗಳು. ಕಡ್ಡಾಯ ಪ್ರಶ್ನೆ ಒಂದೇ: ಊಟ ಮುಗಿದ ಮೇಲೆ ತಾಟಿಗೆ ನೀರು ಸುರಿದು, ಬೆರಳಿನಿಂದ ಸುತ್ತಲೂ ತಿಕ್ಕಿ, ಆ ನೀರನ್ನು ಎತ್ತಿ ಕುಡಿಯಬಾರದು.

"ಯಾಕ ಕುಡೀಬಾರ್ದು?" ಅಪ್ಪ ಕೇಳಿದ.

"ಬರೂವ್ರು ಭಾಳ ಸ್ವಚ್ಛ ಮಂದಿ ಅದಾರಪ್ಪಾ."

"ಮತ್ತ ನಾ ತಾಟ ಸ್ವಚ್ಛನ ಮಾಡತೇನಲ್ಲ?"

ಇಂಥ ವಿದ್ಯಾರ್ಥಿಗೆ ಏನು ಹೇಳುತ್ತೀರಿ? ಮೂವತ್ತು ವರ್ಷ ಸಾಲಿ ಮಕ್ಕಳಿಗೆ ಪಾಠ ಹೇಳಿದ ನಾನು ಅದೇ ಪಾಠವನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಬರುವವರು ರಾಮದುರ್ಗದವರು. ನನ್ನ ಮಗಳು ಪಲ್ಲವಿ ಮೆಚ್ಚಿದ ಹುಡುಗ ಮತ್ತು ಅವನ ತಾಯಿ. ಹುಡುಗ ದನದ ಡಾಕ್ಟರ್. ಅವರಿಬ್ಬರ ಒಪ್ಪಿಗೆ ಎರಡು ವರ್ಷದ ಹಿಂದೆಯೇ ಮುಗಿದಿದೆ (ನಮಗೆ ಹೇಳಿದ್ದು ಎರಡು ತಿಂಗಳ ಹಿಂದೆ, ಆ ಮಾತು ಬೇರೆ). ಇನ್ನು ತಾಯಿ ಹೂಂ ಅನ್ನಬೇಕಿತ್ತು. ಆಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು. ದೊಡ್ಡ ಮಗನಿಗೆ ನೋಡಿದ ಮೊದಲ ಹುಡುಗಿಯನ್ನು ಅವರು ಬೇಡ ಎಂದದ್ದು ಯಾಕೆ ಗೊತ್ತೇ? ಆ ಮನೆಯಲ್ಲಿ ಯಾರೋ ಕೊಡದೊಳಗೆ ಬೆರಳು ಅದ್ದಿ ನೀರು ತೆಗೆದುಕೊಟ್ಟರಂತೆ. ಅಷ್ಟಕ್ಕೇ ಗಾಡಿ ವಾಪಸ್.

"ಅವ್ವಾ, ಅವರ ಅವ್ವನ ಮನಸ್ಸು ಮುರದು ಅಂವ ಮದುವಿ ಆಗಂಗಿಲ್ಲ. ಹೆಂಗರ ಮಾಡಿ ಅಜ್ಜನ್ನ ಸಂಭಾಳಸು," ಎಂದು ಪಲ್ಲವಿ ನನ್ನ ಕೈ ಹಿಡಿದಳು. ಇಪ್ಪತ್ತಾರು ವರ್ಷದಲ್ಲಿ ಈ ಹುಡುಗಿ ನನ್ನನ್ನು ಹೀಗೆ ಕೇಳಿದ್ದು ಇದೇ ಮೊದಲು. ಆಗಲಿ ಎಂದೆ, ಆದರೆ ನಂಬಿಕೆಯಿಂದಲ್ಲ.

ಯಾಕೆಂದರೆ ನಮ್ಮ ಮನೆತನದ ಚರಿತ್ರೆ ನನಗೆ ಗೊತ್ತು.

ನಾನು ಹುಟ್ಟಿ ಬೆಳೆದದ್ದು ಉಗರಗೋಳದಲ್ಲಿ. ಮನೆಯಲ್ಲಿ ಹನ್ನೊಂದು ಜನ, ಒಂದು ಟವೆಲ್. ಬಚ್ಚಲ ಬಾಗಿಲಿನ ಮೊಳೆಗೆ ಅದು ನೇತಾಡುತ್ತಿತ್ತು. ಮೊದಲು ಎದ್ದವರಿಗೆ ಒಣ ಭಾಗ, ತಡವಾಗಿ ಎದ್ದವರಿಗೆ ಅವರ ಹಣೆಬರಹ. ಹುಣ್ಣಿಮೆ ಬಂತೆಂದರೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ನೆಂಟರೆಲ್ಲ ನಮ್ಮಲ್ಲೇ ಇಳಿಯುತ್ತಿದ್ದರು. ಅವರಿಗೂ ಅದನ್ನೇ ಬಹಳ ಮರ್ಯಾದೆಯಿಂದ ಕೊಡುತ್ತಿದ್ದೆವು. ಅದರ ಮೂಲ ಬಣ್ಣ ಯಾವುದು ಎಂಬ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಿದ್ದವು.

ಅವ್ವನ ಸೆರಗಿನ ಕಥೆ ಇನ್ನೊಂದು. ಆಕೆ ಅದರಿಂದ ನಮ್ಮ ಮೂಗು ಒರೆಸುತ್ತಿದ್ದಳು. ಅದರಿಂದಲೇ ಒಲೆಯ ಮೇಲಿನ ಗಡಿಗೆ ಇಳಿಸುತ್ತಿದ್ದಳು. ನೆಂಟರು ಬಂದರೆ ಅದರಿಂದಲೇ ತಾಟು ಫಳಫಳ ಒರೆಸಿ ಇಡುತ್ತಿದ್ದಳು. ಇದೇ ಕ್ರಮದಲ್ಲಿ.

ನಮ್ಮ ಕಾಕಾ ಸೈಕಲ್ಲಿನ ಚಾವಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಪರಮಸುಖದಲ್ಲಿ. ಆಮೇಲೆ ಅದೇ ಚಾವಿಯಿಂದ ಬೆಲ್ಲದ ಡಬ್ಬಿಯ ಮುಚ್ಚಳ ಎಬ್ಬಿಸಿ ನಮಗೆಲ್ಲ ಬೆಲ್ಲ ಹಂಚುತ್ತಿದ್ದ. (ಬೆಲ್ಲ ರುಚಿಯಾಗಿಯೇ ಇರುತ್ತಿತ್ತು. ಸುಳ್ಳು ಯಾಕೆ ಹೇಳಲಿ?)

ನಾವು ಮಕ್ಕಳೇನು ಕಡಿಮೆಯೇ? ಒಂದು ಪೆಪ್ಪರಮಿಂಟು ನಾಲ್ವರಿಗೆ ಬೇಕೆಂದರೆ ಫ್ರಾಕಿನ ತುದಿಯಲ್ಲಿ ಮುಚ್ಚಿ ಕಚ್ಚಿದರಾಯಿತು. ಬಟ್ಟೆ ಅಡ್ಡ ಇದೆಯಲ್ಲ, ಅದು ಎಂಜಲಲ್ಲ, ಗುಬ್ಬಿ ಎಂಜಲು! ಆ ಫ್ರಾಕು ನಾಲ್ಕು ದಿನದಿಂದ ಮೈಮೇಲೇ ಇತ್ತು ಎಂಬುದನ್ನು ಯಾವ ಗುಬ್ಬಿಯೂ ಕೇಳಲಿಲ್ಲ. ಹೊಟ್ಟೆ ಕೆಟ್ಟರೆ ದೃಷ್ಟಿಯಾಗಿದೆ ಎಂದು ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು.

ಇಷ್ಟಿದ್ದರೂ ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆ ಮಹಾ ಕಟ್ಟುನಿಟ್ಟು. ತಾಟು ತೊಳೆದು ಆ ನೀರು ಕುಡಿಯದೆ ಯಾರೂ ಮೇಲೇಳುವಂತಿಲ್ಲ. ಅನ್ನ ಎಂದರೆ ಪ್ರಸಾದ, ಅದರ ಒಂದಗಳೂ ಬಚ್ಚಲಿಗೆ ಹೋಗಬಾರದು ಎಂಬುದು ಅಪ್ಪನ ಕಾನೂನು. ಅವ್ವನಿಗೆ ಹನ್ನೊಂದು ತಾಟು ತಿಕ್ಕುವ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು, ಅದೂ ನಿಜ. ಮುಂದೆ ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೊದಲ ದಿನವೇ ನಾನು ತಾಟು ಎತ್ತಿ ಕುಡಿದೆ. ಎದುರು ಕೂತವಳು "ಥೂ" ಎಂದಳು. ನಾಚಿಕೆಯಿಂದ ಸತ್ತುಹೋದೆ. ಅಂದಿನಿಂದ ನಾಲ್ಕು ಜನರ ಮುಂದೆ ಬಿಟ್ಟುಬಿಟ್ಟೆ. (ಒಬ್ಬಳೇ ಇದ್ದಾಗ? ಅದನ್ನು ಕೇಳಬೇಡಿ. ಅಜ್ಜನ ಪಕ್ಕ ಕೂತು ಉಂಡು ಬೆಳೆದ ಪಲ್ಲವಿಯನ್ನೂ ಕೇಳಬೇಡಿ.)

ಭಾನುವಾರ ಅವರು ಬಂದರು. ನರ್ಸಮ್ಮನವರು ಬಂದವರೇ ಸಿಂಕಿಗೆ ಹೋದರು. ಅಂಗೈ, ಮುಂಗೈ, ಬೆರಳ ಸಂದಿ, ಉಗುರ ತುದಿ, ಎಲ್ಲ ಮುಗಿಯುವ ಹೊತ್ತಿಗೆ ನಮ್ಮ ಮನೆಯವರು ಪೇಪರಿನ ಎರಡು ಪುಟ ಓದಿದ್ದರು. ನಾನು ಲೇಬಲ್ ಕೂಡ ಕೀಳದ ಹೊಸ ಟವೆಲ್ ಚಾಚಿದೆ. ಅವರು ನಕ್ಕು, ಪರ್ಸಿನಿಂದ ತಮ್ಮದೇ ಕರವಸ್ತ್ರ ತೆಗೆದರು.

ಹೊಸ ಡಿನ್ನರ್ ಸೆಟ್ ಹೊರಗೆ ಬಂದಿತ್ತು. ಬಿಳಿ ಪಿಂಗಾಣಿ ತಾಟು, ಅಂಚಿಗೆ ನೀಲಿ ಹೂ. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಹೋಳಿಗೆ, ಅನ್ನ, ಕಟ್ಟಿನ ಸಾರು. ನಾನು ಬಡಿಸಲು ನಿಂತರೆ ಆಕೆ ಬಿಡಲಿಲ್ಲ. "ನೀವೂ ಕುಂದರ್ರಿ ಬಾಯಾರ. ನೀಡಾಕ ಪಲ್ಲವಿ ಅದಾಳಲ್ಲ," ಎಂದರು (ನಮ್ಮ ಕಡೆ ಟೀಚರಮ್ಮನಿಗೆ ಬಾಯಾರು ಅನ್ನುತ್ತಾರೆ). ಕೂತೆ. ತಪ್ಪು ಮಾಡಿದೆ.

ನಮ್ಮ ಮನೆಯವರು ಹೋಳಿಗೆ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ನಾನು ಅಪ್ಪನನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಅಪ್ಪ ಅನ್ನವನ್ನು ಚಮಚದಲ್ಲಿ ಉಂಡ. ತೇಗು ಬಂದಾಗ ಬಾಯಿ ಬಿಗಿದು ನುಂಗಿದ, ಕಣ್ಣಲ್ಲಿ ನೀರು ಬಂತು. ನರ್ಸಮ್ಮ ಊಟದ ನಡುವೆ ಮೂರು ಸಲ ಮೊಬೈಲ್ ಮುಟ್ಟಿ, ಅದೇ ಕೈಯಲ್ಲಿ ರೊಟ್ಟಿ ಮುರಿದರು. ನೋಡಿದೆ, ಹೇಳುವ ಧೈರ್ಯ ಬರಲಿಲ್ಲ.

ಊಟ ಮುಗಿಯಿತು. ಅಪ್ಪನ ಕೈ ನೀರಿನ ಗ್ಲಾಸಿನ ಕಡೆ ಹೋಯಿತು. ಪಲ್ಲವಿ ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತಳು. ಅಪ್ಪ ಗ್ಲಾಸ್ ಎತ್ತಿದ. ನೀರು ಕುಡಿದ. ಕೆಳಗಿಟ್ಟ. ಒಂದು ಟಿಶ್ಯೂ ತೆಗೆದು ಐದೂ ಬೆರಳು ಒರೆಸಿ, ಅದನ್ನು ನಾಲ್ಕು ಮಡಿಕೆ ಮಾಡಿ ತಾಟಿನ ಪಕ್ಕಕ್ಕಿಟ್ಟ. ನೂರಕ್ಕೆ ನೂರು!

ನನಗೆ ಜೀವ ಬಂತು. ಗೆದ್ದೆವು ಎಂದುಕೊಂಡೆ. ಆ ಸಮಾಧಾನದಲ್ಲಿ ನನ್ನ ಕೈಗಳು ಏನು ಮಾಡುತ್ತಿವೆ ಎಂದು ನಾನು ನೋಡಲಿಲ್ಲ.

ಅವು ನನ್ನ ತಾಟಿಗೆ ನೀರು ಸುರಿದಿದ್ದವು. ಸುತ್ತಲೂ ಚೆನ್ನಾಗಿ ತಿಕ್ಕಿದ್ದವು. ಎರಡೂ ಕೂಡಿ ತಾಟನ್ನು ಬಾಯಿಗೆ ಎತ್ತಿದ್ದವು. ಉಗರಗೋಳದ ಹಿತ್ತಾಳೆ ಗಂಗಾಳಕ್ಕೆ ನಾಲ್ಕು ಬೆರಳು ಅಂಚಿತ್ತು, ಒಂದು ಹನಿ ಚೆಲ್ಲುತ್ತಿರಲಿಲ್ಲ. ಈ ಡಿನ್ನರ್ ಸೆಟ್ಟಿಗೆ ಅಂಚೇ ಇಲ್ಲ. ಅರ್ಧ ನೀರು ಬಾಯಿಗೆ, ಉಳಿದರ್ಧ ಗದ್ದದಿಂದ ಇಳಿದು ಇಳಕಲ್ಲ ಸೀರೆಗೆ. ತಾಟು ಇಳಿಸಿ ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲೆ.

ಯಾರಾದರೂ ಏನಾದರೂ ಮಾತಾಡಲಿ ದೇವರೇ ಎಂದುಕೊಂಡೆ. ಅಪ್ಪ ಮಾತಾಡಿದ.

"ಸಣ್ಣಾಕಿ ಇದ್ದಾಗಿಂದ ಹೇಳಾಕ ಹತ್ತೇನ್ರಿ. ಕೇಳವೊಲ್ಲಳು."

ನರ್ಸಮ್ಮ "ಹೂಂ" ಎಂದರು. ಅಷ್ಟೇ. ಚಹಾ ಬೇಡ ಎಂದರು, ಫೋನ್ ಮಾಡುತ್ತೇನೆ ಎಂದರು, ಹೊರಟರು.

ಪಲ್ಲವಿ ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. "ಅಜ್ಜಗ ಒಂದ್ ವಾರ ಟ್ರೇನಿಂಗ್ ಕೊಟ್ಟಿ. ನಿನಗ ಯಾರ್ ಕೊಡಬೇಕಿತ್ತವ್ವಾ?" ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಸಿಟ್ಟೆಲ್ಲ ಅಪ್ಪನ ಮೇಲೆ ತಿರುಗಿತು.

"ಹಸೀ ಸುಳ್ಳ ಹೇಳಿದೆಲ್ಲ, ನಾಚಿಕಿ ಬರಲಿಲ್ಲೇನು?"

"ಮತ್ತೇನ್ ಮಾಡಬೇಕಿತ್ತವ್ವಾ?" ಅಪ್ಪ ತಣ್ಣಗೆ ಹೇಳಿದ. "ಇಬ್ರೂ ಕುಡೀತಾರಂದ್ರ ಮನೆತನಕ್ಕ ಹತ್ತತಿತ್ತು. ನೀ ಒಬ್ಬಾಕಿ ಅಂದ್ರ ಚಟಾ ಅಂತ ಬಿಡತಾರ."

ಎಂಬತ್ತೊಂದು ವರ್ಷದ ತಲೆ ನೋಡಿ ಹೇಗೆ ಓಡುತ್ತದೆ! ನನಗೆ ನಗು ಬಂತು, ಸಂಕಟವೂ ಆಯಿತು. ಮೊಮ್ಮಗಳಿಗಾಗಿ ಆ ಮನುಷ್ಯ ತನ್ನ ಜನ್ಮದ ನೇಮವನ್ನೇ ತನ್ನದಲ್ಲ ಎಂದುಬಿಟ್ಟಿದ್ದ. ಮೊನ್ನೆ ಕಿತ್ತೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಟಿಶ್ಯೂನಲ್ಲಿ ನಾಜೂಕಾಗಿ ತುಟಿ ಒತ್ತಿಕೊಂಡವರು ಅರ್ಧ ತಾಟು ಪಲಾವನ್ನು ಬುಟ್ಟಿಗೆ ಸುರಿದು ಹೋಗುತ್ತಿದ್ದರು. ಅವರಿಗೆ ಯಾರೂ ಥೂ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಸೋಮವಾರ ಮಧ್ಯಾಹ್ನ ಫೋನ್ ಬಂತು. ಪಲ್ಲವಿ ಉಗುರು ಕಚ್ಚುತ್ತ ನನ್ನ ಎದುರೇ ನಿಂತಳು.

"ಬಾಯಾರ, ಭಾಳ ವಿಚಾರ ಮಾಡಿದೆ," ನರ್ಸಮ್ಮ ಶುರು ಮಾಡಿದರು. "ಹುಡುಗಿ ಛಲೋ ಅದಾಳ. ನಿಮ್ಮ ತಂದಿಯವರಂತೂ ಏನ್ ಸ್ವಚ್ಛ ಮನಷ್ಯಾರ್ರಿ! ಟಿಶ್ಯೂ ಮಡಚಿ ಇಟ್ಟಿದ್ದು ನೋಡಿದೆ. ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ, ಖರೇ ಹೇಳ್ರಿ. ಪಲ್ಲವಿ ಅಜ್ಜನಂಗ ಅದಾಳೋ, ನಿಮ್ಮಂಗೋ?"

"ಅಜ್ಜನಂಗ ರೀ. ಪೂರ್ತಿ ಅಜ್ಜನಂಗ," ಎಂದೆ.

"ಹಂಗಿದ್ರ ಮುಂದಿನ ಮಾತಿಗೆ ಬರ್ರಿ," ಎಂದರು.

ನೀವೇ ಹೇಳಿ, ನನ್ನ ಮಾತಿನಲ್ಲಿ ಒಂದಕ್ಷರವಾದರೂ ಸುಳ್ಳಿದೆಯೇ?