ಕೋರ್ಟು ಬಿಡಿಸಿದ ಹೆಂಡತಿ

ಕೋರ್ಟಿನ ಎದುರು ಸಾಲಿನಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ವಕೀಲರ ಕರಿಕೋಟು ಹೊಲಿಯುತ್ತಿದ್ದವಳಿಗೆ ಎಲ್ಲರ ಬಾಯಲ್ಲೂ ಕೋಟಕ್ಕ ಅಂತಲೇ ಹೆಸರು. ಗಂಡ ಅನ್ನಿಸಿಕೊಂಡವನು ಇನ್ನೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಹೊಸಿಲಾಚೆ ತಳ್ಳಿದ್ದ. ತಲಾಖ್ ಆದರೂ ಕೊಡು ಮಾರಾಯ ಎಂದರೆ, "ಕೊಡಲ್ಲ, ಹಾಗೇ ಕೊಳೀತಾ ಬಿದ್ದಿರು" ಎಂದ. ಪಾಪಿ!

ಕೋಟು ಹೊಲಿಸಿಕೊಳ್ಳುತ್ತಿದ್ದ ವಕೀಲರೊಬ್ಬರು ಐದು ವರ್ಷ ಓಡಾಡಿ ವಿಚ್ಛೇದನ ಕೊಡಿಸಿದರು. "ಇನ್ನು ಯಾರನ್ನ ಬೇಕಾದ್ರೂ ಮದುವೆ ಆಗಿ ಕೋಟಕ್ಕ" ಎಂದು ನಕ್ಕರು. ಆ 'ಯಾರು' ಪಕ್ಕದ ಗೂಡಂಗಡಿಯಲ್ಲೇ ಇದ್ದ. ಹೆಂಡತಿ ಸತ್ತ ಗಡಿಯಾರ ರಿಪೇರಿಯವನು, ಬಾಯಿಬಿಟ್ಟರೆ ಮುತ್ತು ಉದುರೀತು ಅನ್ನುವಷ್ಟು ಮೌನಿ. ಇಬ್ಬರೂ ನಿಕಾಹ್ ಗೊತ್ತುಮಾಡಲು ಖಾಜಿಯ ಕೋಣೆಯ ಮೆಟ್ಟಿಲು ಹತ್ತಿದರು.

ಖಾಜಿ ಕೋರ್ಟಿನ ಆದೇಶವನ್ನು ಎರಡು ಸಲ ಓದಿ, ಮಡಚಿ ವಾಪಸು ಕೊಟ್ಟರು.

"ಜಡ್ಜ್ ಸಾಹೇಬರ ಮೇಲೆ ಗೌರವ ಇದೆಯಮ್ಮ. ಆದ್ರೆ ನಿಕಾಹ್ ಬಿಡಿಸೋ ಅಧಿಕಾರ ಅವರಿಗಿಲ್ಲ. ಗಂಡ ಬಿಡಬೇಕು, ಇಲ್ಲ ನಾವು ಬಿಡಿಸಬೇಕು."

"ಹಾಗಾದ್ರೆ ನೀವೇ ಬಿಡಿಸಿ."

"ಅವನು ಬಂದು ಕೂರಬೇಕಲ್ಲ?"

ಮೂರು ಸಲ ಕರೆ ಹೋಯಿತು. ಅವನು ಬರಲಿಲ್ಲ. ಕೋರ್ಟಿನ ಗುಮಾಸ್ತನನ್ನು ಕೇಳಿದರೆ, "ನಮ್ಮ ಪ್ರಕಾರ ನಿಮ್ಮ ಬಿಡುಗಡೆ ಆಗಿದೆ. ಖಾಜಿ ವಿಷಯ ನಮ್ಮದಲ್ಲ" ಎಂದು ಕೈತೊಳೆದುಕೊಂಡ. ಅಬ್ಬಾ, ಎಷ್ಟು ಸಲೀಸು!

"ರಿಜಿಸ್ಟ್ರಾರ್ ಆಫೀಸಲ್ಲೇ ಸಹಿ ಹಾಕಿಬಿಡೋಣ" ಎಂದಳು.

"ಇನ್ನೊಬ್ಬನ ಹೆಂಡತಿ ಜೊತೆ ಬಾಳಿದ ಹಾಗಾಗುತ್ತೆ" ಎಂದ ಗಡಿಯಾರದವನು. "ದೇವರಿಗೆ ಏನು ಉತ್ತರ ಹೇಳಲಿ?"

ಅವನು ಒಳ್ಳೆಯವನೇ, ಸುಡಲಿ ಅವನ ಒಳ್ಳೆತನ! ನಾಲ್ಕು ವರ್ಷ ಕಾದ. ಆಮೇಲೆ ಸೋದರತ್ತೆಯ ಮಗಳನ್ನು ಮದುವೆಯಾಗಿ ಅಂಗಡಿಯನ್ನು ಬೇರೆ ಬೀದಿಗೆ ಸಾಗಿಸಿದ. ಕೋಟಕ್ಕ ಆ ವಾರ ಮೂರು ಕೋಟು ಅಳತೆ ತಪ್ಪಿ ಹೊಲಿದಳು.

ಮರುವರ್ಷ ಗಂಡ ಸತ್ತ. ಮೂರನೇ ದಿನ ಮೈದುನ ಖಾಜಿಯನ್ನು ಕರೆದುಕೊಂಡು ಬಾಗಿಲಿಗೆ ಬಂದ.

"ಇದ್ದತ್ ಕೂರಬೇಕು ಅತ್ತಿಗೆ. ನಾಲ್ಕು ತಿಂಗಳು ಹತ್ತು ದಿನ ಮನೆ ದಾಟೋ ಹಾಗಿಲ್ಲ. ಗಂಡ ಸತ್ತವರು ನೀವು."

"ಆಯ್ತಪ್ಪ. ಅವರ ಮನೇಲಿ ನನ್ನ ಪಾಲು?"

ಮೈದುನ ಜೇಬಿನಿಂದ ಕೋರ್ಟಿನ ಆದೇಶದ ಜೆರಾಕ್ಸ್ ತೆಗೆದ. "ನಿಮಗೆ ಯಾವತ್ತೋ ವಿಚ್ಛೇದನ ಆಗಿದೆಯಲ್ಲ ಅತ್ತಿಗೆ?"

ಇವಳ ಮೈಯೆಲ್ಲ ಉರಿದುಹೋಯಿತು. ಖಾಜಿಯ ಕಡೆ ತಿರುಗಿದಳು. "ನೀವು ಹೇಳಿ ಸಾಹೇಬ್ರೇ. ನಾನು ಅವರ ಹೆಂಡತಿನಾ, ಅಲ್ವಾ?"

ಖಾಜಿ ಗಂಟಲು ಸರಿಮಾಡಿಕೊಂಡರು. "ಇದ್ದತ್ ಮಟ್ಟಿಗೆ ಹೌದಮ್ಮ. ಆಸ್ತಿ ತಕರಾರು ಇದ್ರೆ ಕೋರ್ಟ್ ನೋಡ್ಕೊಳ್ಳುತ್ತೆ." ಮತ್ತೆ ನಿಜವಾದ ಮರುಕದಿಂದಲೇ ಹೇಳಿದರು: "ಸಮಾಧಾನ ಮಾಡ್ಕೋ ತಾಯಿ. ನಾಲ್ಕು ತಿಂಗಳು ಹತ್ತು ದಿನ ಕಳೀಲಿ. ಆಮೇಲೆ ನಿನಗೆ ಬೇಕಾದವರನ್ನ ಮದುವೆ ಆಗಬಹುದು, ಯಾರ ಅಡ್ಡಿಯೂ ಇಲ್ಲ."

"ಯಾರನ್ನ, ಸಾಹೇಬ್ರೇ?" ಎಂದು ಕೇಳಿದಳು ಕೋಟಕ್ಕ.